ಮಧ್ಯಂತರದ ನಂತರ ನೋಡಿದ್ದು

ಆ ಸಿನಿಮಾದಲ್ಲಿ ಯಮನ ಕಡೆಯವರು ವಿಳಾಸ ತಪ್ಪಿ ಬೇರೊಬ್ಬನನ್ನು ಎಳೆದೊಯ್ಯುತ್ತಾರೆ. ತಪ್ಪು ತಿಳಿದ ಮೇಲೆ ಅವನು ಯಾರೂ ಗುರುತಿಸದ ಮುಖದಲ್ಲಿ ಭೂಮಿಗೆ ವಾಪಸು ಬಂದು, ತನ್ನ ಹೆಂಡತಿಯನ್ನೇ ಹೊಸದಾಗಿ ಒಲಿಸಿಕೊಳ್ಳಬೇಕು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಚಾಮರಾಜಪೇಟೆಯ ಮನೆಯಿಂದ ನಾನೂ ನನ್ನ ಗಂಡನೂ ಮ್ಯಾಟಿನಿಗೆ ಹೋಗಿದ್ದೆವು. ಅವರು ತುಂಬ ನಕ್ಕರು. ನಾನು ಸತ್ತು ಹೀಗೆ ಬಂದರೆ ಕಂಡುಹಿಡಿಯುತ್ತೀಯಾ ಎಂದು ಕೇಳಿದರು. ಗೊರಕೆಯಲ್ಲೇ ಗೊತ್ತಾಗುತ್ತದೆ ಎಂದೆ.

ಮಧ್ಯಂತರದಲ್ಲಿ ಅವರು ಎದೆ ನೀವಿಕೊಳ್ಳುತ್ತಿದ್ದರು. ಕತ್ತು ಬೆವೆತಿತ್ತು.

"ಗ್ಯಾಸ್ ಇರ್ಬೇಕು ಕಣೇ. ಮನೆಗೆ ಹೋಗೋಣ್ವಾ?"

"ಅವಳಿಗೆ ಇವನೇ ಗಂಡ ಅಂತ ಗೊತ್ತಾಗೋದೊಂದು ನೋಡ್ಕೊಂಡು ಹೋಗೋಣ ರೀ. ಒಂದು ಸೋಡಾ ಕುಡೀರಿ."

ಸೋಡಾ ಕುಡಿದು ಬಂದು ಕೂತರು. ಸಿನಿಮಾ ಮುಗಿಯುವವರೆಗೂ ನಾನು ಪರದೆಯನ್ನೇ ನೋಡುತ್ತಿದ್ದೆ. ಹೊರಗೆ ಬಂದು ಆಟೋ ಹತ್ತಿದೆವು. ಮೊದಲ ಸಿಗ್ನಲ್ಲಿನಲ್ಲಿ ಅವರ ತಲೆ ನನ್ನ ಹೆಗಲಿಗೆ ಬಿತ್ತು. ನೋವು ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದಾಗ, ಆಟೋ ಹತ್ತಿದ ಮೇಲೆ ಎಂದೆ. ಮನೆಯವರಿಗೂ ಅದನ್ನೇ ಹೇಳಿದೆ.

ಹತ್ತನೆಯ ದಿನ ಪಿಂಡ ಇಟ್ಟರು. ಕಾಗೆ ಮುಟ್ಟಲಿಲ್ಲ. ಎದುರಿನ ಗೋಡೆಯ ಮೇಲೆ ಮೂರು ಕೂತಿದ್ದವು, ಒಂದೂ ಇಳಿಯಲಿಲ್ಲ. ಹೋದವರ ಮನಸ್ಸಿನಲ್ಲಿ ಏನೋ ಉಳಿದಿದ್ದರೆ ಹೀಗಾಗುತ್ತದೆ, ಅದನ್ನು ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು ಎಂಬುದು ನಮ್ಮಲ್ಲಿನ ನಂಬಿಕೆ. ಅವರ ಅಣ್ಣ, ನಮ್ಮ ಭಾವ, ಕೈಮುಗಿದು, ಮಗಳನ್ನು ಓದಿಸುತ್ತೇನೆ ಎಂದರು. ಕಾಗೆ ಇಳಿಯಲಿಲ್ಲ. ಅತ್ತೆ ಮುಂದೆ ಬಂದರು.

"ನಿನ್ನ ಹೆಂಡ್ತೀನ ಎಲ್ಲೂ ಕಳಿಸಲ್ಲ ಕಣೋ. ನನ್ನ ಹತ್ರಾನೇ ಇಟ್ಕೋತೀನಿ."

ಕಾಗೆಗಳು ಕತ್ತು ತಿರುಗಿಸಿದವು, ಅಷ್ಟೆ. ಬಿಸಿಲೇರುತ್ತಿತ್ತು. ಪುರೋಹಿತರು ನನ್ನ ಕಡೆ ನೋಡಿದರು. ನನ್ನ ಗಂಡನಿಗೇನು ಬೇಕಿತ್ತೆಂದು ನನಗೊಬ್ಬಳಿಗೇ ಗೊತ್ತಿತ್ತು. ಮನೆಗೆ ಹೋಗುವುದು ಬೇಕಿತ್ತು. ಅದನ್ನು ಇನ್ನು ಹೇಗೆ ನಡೆಸಿಕೊಡಲಿ? ಅತ್ತೆಯ ಪಕ್ಕ ನಿಂತು, ಪಿಂಡದ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದೆ.

"ಇಂಟರ್ವಲ್ಲಲ್ಲೇ ಎದೆ ಹಿಡ್ಕೊಂಡಿದ್ರು. ಹೋಗೋಣ ಅಂದ್ರು. ನಾನೇ ಕೂರಿಸ್ದೆ."

ಕೇಳಿಸಿದ್ದು ಅತ್ತೆಗೆ ಮಾತ್ರ. ಆಗಲೂ ಕಾಗೆ ಬರಲಿಲ್ಲ. ಕೊನೆಗೆ ಪುರೋಹಿತರು ದರ್ಭೆಯ ಹುಲ್ಲಿನಲ್ಲೇ ಕಾಗೆಯ ಆಕಾರವೊಂದನ್ನು ಕಟ್ಟಿ ಪಿಂಡಕ್ಕೆ ಮುಟ್ಟಿಸಿ, ಆಯಿತು ಏಳಿ ಎಂದರು.

ಕಾಲು ತೊಳೆಯುವಲ್ಲಿ ಅತ್ತೆ ನನ್ನ ಕೈಗೆ ಚೊಂಬು ಕೊಟ್ಟರು. ಮುಖ ನೋಡಲಿಲ್ಲ.

"ಭಾವಂಗೆ ಹೇಳ್ಬೇಡ," ಎಂದರು.

ಆಡಿದ ಮಾತಿಗೆ ಅವರು ತಪ್ಪಲಿಲ್ಲ. ನನ್ನನ್ನು ಎಲ್ಲೂ ಕಳಿಸಲಿಲ್ಲ. ಒಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆವು. ಸಾರಿಗೆ ಉಪ್ಪು ಸಾಲದಿದ್ದರೆ, ನಿಮ್ಮಮ್ಮನಿಗೆ ಹೇಳು ಎಂದು ಮಗಳ ಹತ್ತಿರ ಹೇಳಿ ಕಳಿಸುತ್ತಿದ್ದರು.