ಸುಣ್ಣವಲ್ಲ, ಕ್ಲೋರಿನ್ ಪುಡಿ

ಶಿವಮೊಗ್ಗಕ್ಕೆ ಬಂದು ಕೆನ್ನೆಗೆ ಏಟು ತಿನ್ನುತ್ತೇನೆಂದು ಅಂದುಕೊಂಡಿರಲಿಲ್ಲ. ಹೊಡೆದವನು ರಂಗಣ್ಣ. ನಾನು ಇಲ್ಲಿ ಹೆಂಗಸರಿಗೆ ಈಜು ಕಲಿಸುವವಳು; ಅವನು ಆ ಕೊಳದ ನೀರನ್ನು ನೋಡಿಕೊಳ್ಳುವವನು, ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬರುವವನು. ನಾನೂ ಬಾರಿಸಿದೆ.

ನಮ್ಮೂರು ರಾಯಚೂರಿನವರಾದ ನೀವು ನಗುತ್ತೀರಿ, ಇಲ್ಲಿ ಜೋಳದ ಹಿಟ್ಟಿಗಾಗಿ ಗಾಂಧಿ ಬಜಾರ್ ಪೂರ್ತಿ ಅಲೆದೆ. ಹೊಸಮನೆಯ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿದರೆ ಮಾಲೀಕರು ಏನಾಯಿತೆಂದು ಬಾಗಿಲು ತಟ್ಟಿದರು. ನನ್ನ ಮಾತು ಕೇಳಿ ನಗದವರಿಲ್ಲ. ಮೈ ಉರಿಯುತ್ತಿತ್ತು. ಕೊನೆಗೆ ‘ಐತಿ’ಯನ್ನು ನುಂಗಿ ‘ಇದೆ ಮಾರಾಯ್ತಿ’ ಅನ್ನಲು ಕಲಿತೆ. ಮಾರಾಯ್ತಿ ಎಂಬುದು ಇಲ್ಲಿ ಸಲಿಗೆಯ ಕರೆ, ಸಿಟ್ಟಿಗೂ ಪ್ರೀತಿಗೂ ಅದೇ.

ಕೊಳದ ನೀರು ಹದವಾಗಿರಲು ಆಸಿಡ್ ಬೇಕು, ಕ್ರಿಮಿ ಸಾಯಲು ಕ್ಲೋರಿನ್ ಪುಡಿ ಬೇಕು. ಎರಡೂ ಒಂದನ್ನೊಂದು ಮುಟ್ಟಬಾರದು, ಬೇರೆ ಬೇರೆ ಬಕೆಟ್. ಮೊದಲು ನೀರು, ಆಮೇಲೆ ಪುಡಿ. ರಂಗಣ್ಣನಿಗೋ ಹಬ್ಬಕ್ಕೆ ಗೋಡೆಗೆ ಬಳಿಯಲು ಸುಣ್ಣ ಅರಳಿಸಿದ ರೂಢಿ. ಅಲ್ಲಿ ಸುಣ್ಣದ ಮೇಲೆ ನೀರು ಹೊಯ್ಯುತ್ತಾರೆ.

“ಬಿಳಿ ಪುಡಿ ತಾನೇ ಮಾರಾಯ್ತಿ, ನಾನೇನು ಸುಣ್ಣ ಅರಳಿಸಿಲ್ವಾ?” ಎನ್ನುತ್ತ, ಆಗಷ್ಟೇ ಆಸಿಡ್ ಅಳೆದ ಬಕೆಟಿಗೇ ಪುಡಿ ಸುರಿದು ಮೇಲೆ ನೀರು ಹೊಯ್ದ.

ಬಕೆಟ್ ಬುಸ್ಸೆಂದು ಸಿಡಿಯಿತು. ಹಸಿರು ಹೊಗೆ ಗಂಟಲು ಹಿಂಡಿತು. ಕುದಿಯುವ ಪುಡಿ ಅವನ ಮುಖಕ್ಕೆ ರಾಚಿತ್ತು. ಕಣ್ಣುಜ್ಜುತ್ತ ಹೊರಳಾಡುತ್ತಿದ್ದವನ ಕಾಲರ್ ಹಿಡಿದು ಹೊರಗಿನ ನಲ್ಲಿಗೆ ದರದರ ಎಳೆದೆ. ನಲ್ಲಿಯಡಿ ಅಂಗಾತ ಕೆಡವಿ, ಎದೆಯ ಮೇಲೆ ಮಂಡಿಯೂರಿ, ರೆಪ್ಪೆ ಬಿಡಿಸಿ ನೀರು ಬಿಟ್ಟೆ.

“ಬಿಡೇ, ಉರೀತಿದೆ” ಎಂದು ಒದ್ದ, ಕೆನ್ನೆಗೆ ಹೊಡೆದ. ಕಲಿತ ಶಿವಮೊಗ್ಗದ ಮಾತೆಲ್ಲ ಹಾರಿಹೋಯಿತು.

“ಕಣ್ ತೆಗಿಯಲೇ, ಇಲ್ಲಂದ್ರ ಕುರುಡಾಗಿ ಸಾಯ್ತಿ” ಎಂದು ನಾನೂ ಹೊಡೆದು ಹಿಡಿದೆ. ಆಂಬ್ಯುಲೆನ್ಸ್ ಬರುವವರೆಗೂ ಬಿಡಲಿಲ್ಲ.

ಅವತ್ತು ಸಂಜೆ, ಶಿವಮೊಗ್ಗದ ಸಹವಾಸವೇ ಸಾಕು, ಊರಿಗೆ ಹೋಗಿಬಿಡೋಣವೆಂದು ಚೀಲ ತುಂಬಿದೆ. ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದರೆ, “ಬಾ ಯವ್ವಾ. ನಿನ್ನ ಮಾತು ಯಾಕ ಹಿಂಗ ಅವರಂಗ ಆಗೇತಿ?” ಅಂದಳು.

ಹೊರಡುವ ಮುಂಚೆ ಆಸ್ಪತ್ರೆಗೆ ಹೋದೆ. ಎರಡೂ ಕಣ್ಣಿಗೆ ಪಟ್ಟಿ. “ಹೇಗಿದ್ದೀರಿ?” ಎಂದೆ. “ಯಾರು?” ಎಂದು ಬೆದರಿದ.

“ನಾನದೀನ್ರೀ.”

ಗಾಳಿಯಲ್ಲಿ ತಡಕಾಡಿ ನನ್ನ ಕೈ ಹಿಡಿದುಕೊಂಡ. ಅವತ್ತಿನ ಬಸ್ಸು ತಪ್ಪಿಸಿಕೊಂಡೆ.

ಎರಡು ದಿನ ಬಿಟ್ಟು ಪಟ್ಟಿ ಬಿಚ್ಚಿದಾಗ ಅವನ ಹೆಂಡತಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಎಡಗಣ್ಣು ಹೋಗಿತ್ತು. ಬಲಗಣ್ಣು ಬಹಳ ಹೊತ್ತು ಮಿಟುಕಿಸಿ ನನ್ನತ್ತ ತಿರುಗಿತು.

“ಕೆನ್ನೆ ಇನ್ನೂ ಊದಿದೆಯಲ್ಲ ಮಾರಾಯ್ತಿ” ಎಂದ ರಂಗಣ್ಣ.

ಚೀಲ ಹೊಸಮನೆಯ ಕೋಣೆಯಲ್ಲೇ ಇದೆ. ಬಿಚ್ಚಿಲ್ಲ, ಹೊತ್ತು ಹೊರಟೂ ಇಲ್ಲ.