ಕಂಬಕ್ಕೆ ಡಾವ ಇಲ್ಲ

ಇಲ್ಯಾಸ್ಟಿಕ್ ಆಟಕ್ಕೆ ಮೂವರು ಬೇಕು. ಇಬ್ಬರು ಎದುರುಬದುರು ನಿಂತು ಇಲ್ಯಾಸ್ಟಿಕ್ಕಿನ ದೊಡ್ಡ ಕುಣಿಕೆಯನ್ನು ಕಾಲಿಗೆ ಸಿಕ್ಕಿಸಿಕೊಳ್ಳಬೇಕು, ಮೂರನೆಯವಳು ಅದರ ನಡುವೆ ಜಿಗಿಯಬೇಕು. ಒಂದೊಂದು ಸುತ್ತು ಗೆದ್ದ ಹಾಗೆ ಕುಣಿಕೆ ಪಾದದ ಗಂಟಿನಿಂದ ಸೊಂಟದವರೆಗೆ ಏರುತ್ತದೆ. ಹೆಜ್ಜೆ ತಪ್ಪಿದರೆ ಔಟ್. ಅವಳು ಹೋಗಿ ನಿಲ್ಲಬೇಕು, ನಿಂತವಳಿಗೆ ಡಾವ ಬರಬೇಕು. ಡಾವ ಅಂದರೆ ಆಡುವ ಸರದಿ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಪುಣೆಯ ಪೇಟೆಯೊಂದರಲ್ಲಿ, ಒಂದೇ ಅಂಗಳದ ಸುತ್ತ ಹಲವು ಮನೆಗಳಿದ್ದ ಹಳೇ ವಾಡೆಯಲ್ಲಿ, ನನ್ನ ಹತ್ತನೇ ವಯಸ್ಸಿನ ಪ್ರಪಂಚವೆಲ್ಲ ಈ ಕಾನೂನಿನ ಮೇಲೆ ನಡೆಯುತ್ತಿತ್ತು. ಅದನ್ನು ಮುರಿದವಳೂ ನಾನೇ, ಈಗ ಹೇಳಿಬಿಡುತ್ತೇನೆ.

ನಮ್ಮ ಇಲ್ಯಾಸ್ಟಿಕ್ ಅಂಗಡಿಯದ್ದಲ್ಲ. ಎರಡು ಮನೆಗಳ ಹಳೇ ಚಡ್ಡಿಗಳಿಂದ ಎಳೆದು ತೆಗೆದ ತುಂಡುಗಳನ್ನು ಗಂಟು ಹಾಕಿ ಮಾಡಿದ್ದು. ಯಾವ ತುಂಡು ಯಾರದ್ದೆಂದು ನನಗೂ, ಮಾಳಿಗೆಯ ಮರಾಠಿ ಮನೆಯ ನನ್ನ ಗೆಳತಿಗೂ ಬಾಯಿಪಾಠವಾಗಿತ್ತು. ಕೆಲವು ಚಡ್ಡಿಗಳು ಇನ್ನೂ ಅಷ್ಟೇನೂ ಹಳೆಯವಾಗಿರಲಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಜೊತೆ ಆಡುತ್ತಿದ್ದ ಮೂರನೆಯವಳ ಅಪ್ಪನಿಗೆ ಲೋಣಾವಳಾಕ್ಕೆ ವರ್ಗವಾಗಿ ಅವಳು ಹೊರಟುಹೋದಳು. ಅವಳ ಜಾಗದಲ್ಲಿ ಕುರ್ಚಿ ಇಟ್ಟೆವು. ಕುರ್ಚಿ ಮಗುಚಿ ಅದರ ಕಾಲು ಮುರಿಯಿತು. ಇನ್ನೊಮ್ಮೆ ಕುರ್ಚಿ ಮುಟ್ಟಿದರೆ ನಿಮ್ಮ ಕಾಲೂ ಮುರಿಯುತ್ತೇನೆ ಅಂದಳು ಅಜ್ಜಿ.

ಅದೇ ಹೊತ್ತಿಗೆ ವಿಜಾಪುರದ ಕಡೆಯಿಂದ ಕಾಕು ಬಂದಳು. ನನ್ನ ಅಪ್ಪನ ತಮ್ಮನ ಹೊಸ ಹೆಂಡತಿ. ಹತ್ತೊಂಬತ್ತು ವರ್ಷ, ಮರಾಠಿ ಒಂದಕ್ಷರ ಬಾರದು. ಕಾಕಾ ನಸುಕಿನಲ್ಲೇ ಹಡಪಸರದ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೆ. ಸೊಸೆಯ ಆಟಪಾಟದ ಬಗ್ಗೆ ಅಜ್ಜಿಯದು ಒಂದೇ ಕಟ್ಟಳೆ: ಕೂತು ಆಡುವ ಆಟ ಆಡಬಹುದು, ನಿಂತು ಆಡುವುದು ಕೂಡದು. ಗಜ್ಜುಗ, ಚೌಕಾಬಾರ ಆದೀತು. ಕುಂಟುವುದು, ಓಡುವುದು, ಜಿಗಿಯುವುದು ಎಲ್ಲ ತವರಿಗೇ ಮುಗಿಯಿತು.

ಆ ಕಟ್ಟಳೆಯಲ್ಲಿ ನಾನೊಂದು ಕಿಂಡಿ ಹುಡುಕಿದೆ. "ಕಾಕು, ನೀ ಆಡೂದು ಬ್ಯಾಡ. ಸುಮ್ಮ ಕಂಬದಂಗ ನಿಂದ್ರು. ನಿಂದ್ರೂದು ಆಟ ಅಲ್ಲಲ್ಲ?"

ಬೆಳಗಿನ ಶಾಲೆ ಮುಗಿಸಿ ನಾವು ಬರುವ ಹೊತ್ತಿಗೆ ಅವಳು ಮೊರದಲ್ಲಿ ಅಕ್ಕಿ ಹಿಡಿದು ಅಂಗಳದ ಗೋಡೆಗೆ ಒರಗಿ ನಿಂತಿರುತ್ತಿದ್ದಳು. ಇಲ್ಯಾಸ್ಟಿಕ್ಕನ್ನು ಅವಳ ಪಾದದ ಗಂಟಿಗೆ ಸಿಕ್ಕಿಸಿ ಮೇಲೆ ಸೀರೆಯ ನೆರಿಗೆ ಇಳಿಬಿಟ್ಟರೆ ಆಯಿತು. ಅಜ್ಜಿ ಮಧ್ಯಾಹ್ನದ ನಿದ್ದೆಯ ನಡುವೆ ಎದ್ದು ಕಿಟಕಿಯಲ್ಲಿ ಇಣುಕಿದರೆ ಕಾಣುವುದು ಅಕ್ಕಿ ಹಸನು ಮಾಡುತ್ತಿರುವ ಬಂಗಾರದಂಥ ಸೊಸೆ. ನೆರಿಗೆಯ ಕೆಳಗಿಂದ ಹೊರಟ ಇಲ್ಯಾಸ್ಟಿಕ್ ಕಾಣುವಷ್ಟು ಅಜ್ಜಿಯ ಕಣ್ಣು ಚುರುಕಾಗಿರಲಿಲ್ಲ.

ನಾಲ್ಕನೇ ದಿನ ಕಾಕು ಮೆಲ್ಲಗೆ ಕೇಳಿದಳು: "ನನಗ ಯಾವಾಗ ಡಾವ?"

ಇಬ್ಬರೇ ಆರಾಮಾಗಿ ಹಂಚಿಕೊಂಡಿದ್ದನ್ನು ಈಗ ಮೂವರಿಗೆ ಹಂಚಬೇಕೆ? ಅಷ್ಟರಲ್ಲಿ ಗೆಳತಿ ಕಾಕುವಿನ ಮುಖ ನೋಡಿಯೇ ಅರ್ಥ ಮಾಡಿಕೊಂಡು, "ಕಾಕೂಲಾ ಪಣ ಡಾವ ದೇ ಕೀ" ಅಂದಳು, ಕಾಕುಗೂ ಡಾವ ಕೊಡೇ ಅಂತ. ಅವರಿಬ್ಬರ ನಡುವೆ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. ಕಾಕುವಿನ ಕಡೆ ತಿರುಗಿ, ಮುಖ ಸಣ್ಣ ಮಾಡಿಕೊಂಡು, "ಅಕಿ ಒಲ್ಲೆ ಅಂತಾಳ ಕಾಕು. ಕಂಬಕ್ಕ ಡಾವ ಇಲ್ಲಂತ" ಅಂದೆ. ಗೆಳತಿಯ ಕಡೆ ತಿರುಗಿ, ಕಾಕುಗೆ ಜಿಗಿಯಲು ಭಯವಂತೆ, ನಿಲ್ಲುವುದೇ ಇಷ್ಟವಂತೆ ಅಂತ ಮರಾಠಿಯಲ್ಲಿ ಹೇಳಿದೆ. ಗೆಳತಿ ಪಾಪ ಅಂತ ಲೊಚಗುಟ್ಟಿದಳು. ಕಾಕು ಆ ನಿರಪರಾಧಿಯನ್ನು ದುರುಗುಟ್ಟಿ ನೋಡಿ ಮತ್ತೆ ಅಕ್ಕಿಯೊಳಗಿನ ಕಲ್ಲು ಆರಿಸತೊಡಗಿದಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಹೀಗೆ ಎರಡು ತಿಂಗಳು ದಬ್ಬಿದೆ. ಕಾಕು ಕೇಳಿದಾಗಲೆಲ್ಲ ಒಂದು ಹೊಸ ಸುಳ್ಳು ಹುಟ್ಟುತ್ತಿತ್ತು.

ಎಷ್ಟು ಜಾಣೆಯೋ ಅಷ್ಟೇ ಪೆದ್ದಿ ನಾನು. ಗೋಡೆಗೇ ಕಿವಿ ಇರುವಾಗ ಕಂಬಕ್ಕೆ ಇರುವುದಿಲ್ಲವೇ? ನಮ್ಮ ಜಗಳ, ನಲ್ಲಿಯ ಹತ್ತಿರ ಹೆಂಗಸರ ಹರಟೆ, ಬಾಗಿಲಿಗೆ ಬರುವ ತರಕಾರಿಯವಳ ಚೌಕಾಶಿ, ಎಲ್ಲವೂ ದಿನಾ ಅವಳ ಕಿವಿಗೆ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಮೊಣಕಾಲೆತ್ತರದ ಸುತ್ತು ನಡೆದಿತ್ತು, ಇಲ್ಯಾಸ್ಟಿಕ್ ಕಾಕುವಿನ ಸೀರೆಯ ಮೇಲೇ ಇತ್ತು. ನಾನು ಗಾಳಿಯಲ್ಲಿದ್ದಾಗ ಕಾಕುವಿನ ಕಡೆಯ ಇಲ್ಯಾಸ್ಟಿಕ್ ನಾಲ್ಕು ಬೆರಳು ಸರಿಯಿತು. ಕಾಲು ಸಿಕ್ಕಿಕೊಂಡು ಮಕಾಡೆ ಬಿದ್ದೆ.

"ಔಟ್," ಅಂದಳು ಕಾಕು.

"ಲಬಾಡಿ! ಮೋಸ! ನೀ ಕಾಲು ಸರಿಸಿದಿ!"

"ಅಯ್ಯ, ನಾ ಕಂಬ ಅಲ್ಲೇನ? ಕಂಬ ಎಲ್ಲೆರ ಸರೀತದೇನ?"

ಮೊರ ಕೆಳಗಿಟ್ಟು, ಗೆಳತಿಯ ಕಡೆ ತಿರುಗಿ, "ಆತಾ ಮಾಝಾ ಡಾವ" ಅಂದಳು. ಈಗ ನನ್ನ ಸರದಿ ಅಂತ, ಅಚ್ಚ ಮರಾಠಿಯಲ್ಲಿ! ಗೆಳತಿ ಕಣ್ಣರಳಿಸಿ ಒಂದೇ ಉಸಿರಿಗೆ ಮರಾಠಿಯಲ್ಲಿ ಎಲ್ಲ ಒದರಿಬಿಟ್ಟಳು: ನಿಮಗೆ ಡಾವ ಕೊಡು ಅಂತ ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ, ನಿಮಗೆ ಭಯ ಅಂದವಳು ಇವಳೇ. ಚಟ ನೋಡಿ, ಆಗಲೂ ನಾನು ನಡುವೆ ಬಾಯಿ ಹಾಕಿದೆ. "ಕಾಕು, ಅಕಿ ಏನಂತಾಳಂದ್ರ..."

"ಏನಂತಾಳಂತ ನನಗ ತಿಳೀತು. ನೀ ಬಾಯಿ ಮುಚ್ಚಿ ಅಲ್ಲಿ ನಿಂದ್ರು."

ನಿಂತೆ. ಕಾಕು ಸೆರಗು ಬಿಗಿದು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಪಾದದ ಗಂಟು ದಾಟಿದಳು, ಮೀನಖಂಡ ದಾಟಿದಳು, ಮೊಣಕಾಲೂ ಆಯಿತು. ಎರಡು ತಿಂಗಳು ನನ್ನ ಹೆಜ್ಜೆ ನೋಡಿ ನೋಡಿಯೇ ಕಲಿತಿದ್ದಳು, ನನ್ನ ತಪ್ಪುಗಳನ್ನು ಮಾತ್ರ ಬಿಟ್ಟು. ಇಲ್ಯಾಸ್ಟಿಕ್ ಸೊಂಟಕ್ಕೇರಿತು. ಅಷ್ಟೆತ್ತರವನ್ನು ನಾನೇ ಒಮ್ಮೆಯೂ ದಾಟಿದವಳಲ್ಲ. ಹೊಟ್ಟೆಕಿಚ್ಚಿನಿಂದ ನನ್ನ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರಲ್ಲಿ ಹೊಸ್ತಿಲಲ್ಲಿ ಅಜ್ಜಿ ಕಂಡಳು. ದೇವರೇ ಕಳಿಸಿದನೆಂದು ಹಿಗ್ಗಿ ಕೂಗಿದೆ: "ಅಜ್ಜೀ, ನೋಡಿಲ್ಲೆ! ಕಾಕು ಜಿಗ್ಯಾಕ ಹತ್ಯಾಳ!"

ಕಾಕುವಿನ ಮುಖ ಬಿಳಿಚಿಕೊಂಡಿತು. ಕೈ ತಾನಾಗಿ ಸೆರಗಿಗೆ ಹೋಯಿತು. ಮರುಗಳಿಗೆ ಕೈ ಕೆಳಗಿಳಿಸಿದಳು.

"ಅತ್ತಿ, ಎರಡು ತಿಂಗಳಿಂದ ಕಂಬ ಆಗಿ ನಿಂತೀನ್ರಿ. ಇದು ನನ್ನ ಡಾವ. ಇದೊಂದು ಮುಗಿಸಿ ಬರ್ತೀನ್ರಿ."

ಅಜ್ಜಿ ಅವಳನ್ನು ನೋಡಿದಳು, ಇಲ್ಯಾಸ್ಟಿಕ್ ನೋಡಿದಳು, ಕೆಳಗಿದ್ದ ಮೊರ ನೋಡಿದಳು. "ಅದಕ್ಕೇನ ದಿನಾ ಅನ್ನದಾಗ ಕಲ್ಲ ಸಿಗಾಕ ಹತ್ತಿದ್ದು!" ಅಂದಳು. ಆಮೇಲೆ ಅಂಗಳ ದಾಟಿ ಹೋಗಿ ವಾಡೆಯ ದೊಡ್ಡ ಬಾಗಿಲನ್ನು ತಾನೇ ದೂಡಿ ಮುಚ್ಚಿದಳು. "ಮಂದಿ ನೋಡ್ತಾರ. ಬಾಗಲಾ ಹಾಕ್ಕೊಂಡರ ಜಿಗೀರಿ," ಅಂತ ಗೊಣಗುತ್ತ ಒಳಗೆ ನಡೆದಳು.

ಕಾಕು ಜಿಗಿದಳು. ದಾಟಿ ಆಚೆ ಇಳಿದು, ಹೊಟ್ಟೆ ಹಿಡಿದುಕೊಂಡು ಗಹಗಹಿಸಿ ನಕ್ಕಳು. ಮದುವೆಯಾಗಿ ಬಂದಾಗಿನಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಜ್ಜಿಯ ಹೆದರಿಕೆಗೆ ನಗುವುದಿಲ್ಲ ಅಂತ ತಿಳಿದಿದ್ದೆ. ಸೊಂಟಕ್ಕೆ ಇಲ್ಯಾಸ್ಟಿಕ್ ಸುತ್ತಿಕೊಂಡು ನಿಂತಲ್ಲೇ ನನಗೆ ಅಳು ಬಂತು. ಇಷ್ಟು ದಿನ ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದು ಅಜ್ಜಿಯಲ್ಲ, ನಾನು.