ಒಂಟಿಗುರಿಯ ಉಣ್ಣೆ

ಕಳೆದ ವಾರ ಇಲ್ಲಿ, ಈ ಅರಬ್ಬರ ನಾಡಿನಲ್ಲಿ, ಎಗೈಲಾದ ಮಾಲಿನಲ್ಲಿ ಹೆಂಡತಿ ಚಪ್ಪಲಿ ಆರಿಸುತ್ತ ನಿಂತಿದ್ದಳು. ಅವಳು ಚಪ್ಪಲಿ ಆರಿಸುವುದರೊಳಗೆ ಒಂದು ಕ್ರಿಕೆಟ್ ಪಂದ್ಯ ಮುಗಿಯುತ್ತದೆ. ನಾನು ಪಕ್ಕದ ಅಂಗಡಿಗೆ ನುಗ್ಗಿದೆ. ಅಲ್ಲಿ ಬೂದುಬಣ್ಣದ ಉಣ್ಣೆಯ ಹಾಸೊಂದನ್ನು ತೂಗುಹಾಕಿದ್ದರು. ನೇಯ್ದದ್ದಲ್ಲ, ತುಳಿದು ಒತ್ತಿ ಮಾಡಿದ್ದು. ಚೀಟಿಯಲ್ಲಿ ಅಲ್ಪಾಕಾ ಎಂದಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೂಗಿಗೆ ಹಿಡಿದೆ. ಎಷ್ಟು ಸಾಬೂನು ಹಾಕಿ ತೊಳೆದರೂ ಹೋಗದ, ಒದ್ದೆ ಕೂದಲು ಮತ್ತು ಒಣಹುಲ್ಲು ಬೆರೆತ ಅದೇ ವಾಸನೆ...

"ಏನ್ರೀ ಅದು, ಮಾವಿನಹಣ್ಣೇನು ಮೂಸಿ ನೋಡಾಕ?" ಎಂದು ಹೆಂಡತಿ ಹಿಂದಿನಿಂದ ಕೇಳಿದಳು.

ನಾನು ಹಾಸನ್ನು ಬಿಟ್ಟು ಹೊರಗೆ ಬಂದೆ. ಅವನು ನೆನಪಾಗಿದ್ದ.

ಆರೇಳು ವರ್ಷದ ಹಿಂದಿನ ಮಾತು. ನಾನು ಅಹ್ಮದಿಯಲ್ಲಿ ಏಸಿ ಟೆಕ್ನಿಷಿಯನ್, ಮನೆ ಮಹಬೂಲಾದಲ್ಲಿ. ಶುಕ್ರವಾರದ ರಜೆಯಲ್ಲಿ ಕಂಪನಿಗೆ ತಿಳಿಯದಂತೆ ಹೊರಗಿನ ರಿಪೇರಿಗಳಿಗೂ ಹೋಗುತ್ತಿದ್ದೆ. ಅದು ಇಲ್ಲಿಯ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಇಕಾಮಾ, ಅಂದರೆ ಇಲ್ಲಿರಲು ಕೊಟ್ಟ ಪರವಾನಗಿ, ರದ್ದು, ಮರುದಿನವೇ ಊರಿನ ವಿಮಾನ. ಹಾಗೆ ಕದ್ದು ಹೋದ ಒಂದು ಶುಕ್ರವಾರ, ಕಬ್ದ್ ಕಡೆಯ ಅರಬ್ಬನೊಬ್ಬನ ತೋಟದಲ್ಲಿ, ಕೊಟ್ಟಿಗೆಯ ಮಾಡಿನ ಮೇಲೆ ಕೂತು ಏಸಿ ಬಿಚ್ಚುತ್ತಿದ್ದೆ. ಕೆಳಗಿನಿಂದ ಒಂದು ದನಿ ಕೇಳಿತು.

"ಏ ಒಂಟಿಗುರಿ, ಸರಿಯಲೇ ಅತ್ತಾಗ! ನಿಮ್ಮಪ್ಪನ ಮನಿ ಏನಲೇ ಇದು?"

ಕೈಯಲ್ಲಿದ್ದ ಸ್ಪ್ಯಾನರ್ ಜಾರಿತು. ಬಗ್ಗಿ ನೋಡಿದರೆ ಒಂಟೆಯ ಮೋರೆ, ಕುರಿಯ ಮೈ ಇರುವ ಆರು ಪ್ರಾಣಿಗಳು, ಅವುಗಳ ನಡುವೆ ತಲೆಗೆ ಟವೆಲ್ ಸುತ್ತಿಕೊಂಡ ಸಣಕಲು ಮನುಷ್ಯ. "ಯಾ ಊರೋ ತಮ್ಮಾ?" ಎಂದು ಕೂಗಿದೆ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕೊನೆಗೆ ಮೇಲೆ ನೋಡಿದ. ನೋಡಿದವನೇ ಅಲ್ಲೇ ಮರಳಿನಲ್ಲಿ ಕೂತುಬಿಟ್ಟ. ಗಜೇಂದ್ರಗಡದ ಕಡೆಯ ಕುರುಬರವನು. ಬಂದು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದಲ್ಲಿ ಎದುರಿಗೆ ನಿಂತು ಕನ್ನಡದಲ್ಲಿ ಮಾತಾಡಿದ್ದು ಪ್ರಾಣಿಗಳ ಜೊತೆ ಮಾತ್ರವಂತೆ. ಅಂದಿನಿಂದ ಅವನು ನನಗೆ ತಮ್ಮ, ನಾನು ಅವನಿಗೆ ಅಣ್ಣಾರು.

ಅಲ್ಪಾಕಾ ಎಂಬ ಹೆಸರು ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ. ನಮ್ಮ ಕಡೆ ಒಂಟೆಗೆ ಒಂಟಿ ಎನ್ನುತ್ತೇವಲ್ಲ, ಹಾಗಾಗಿ ಒಂಟಿಗುರಿ. "ಒಂಟಿನೂ ಹೌದ್ರಿ, ಕುರಿನೂ ಹೌದ್ರಿ. ಮ್ಯಾಲ ನಾನೂ ಇಲ್ಲಿ ಒಂಟೀನ ಅದೀನಲ್ರಿ," ಎಂದು ನಕ್ಕಿದ್ದ. ಒಂಟಿಗುರಿಗಳ ಕೊಟ್ಟಿಗೆಗೆ ಎರಡು ಏಸಿ, ಅವನ ತಗಡಿನ ಖೋಲಿಗೆ ಒಂದು ಟೇಬಲ್ ಫ್ಯಾನು. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಎನ್ನುವ ಗಾದೆ ಕಬ್ದ್‌ನಲ್ಲಿ ನಡೆಯುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಅವನೂ ಅವುಗಳ ನಡುವೆಯೇ ಹೋಗಿ ಮಲಗುತ್ತಿದ್ದ.

ಎರಡು ವರ್ಷಕ್ಕೊಮ್ಮೆ ರಜೆ ಎಂದು ಹೇಳಿ ಕರೆತಂದಿದ್ದರು. ಪಾಸ್‌ಪೋರ್ಟು ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಆ ತೋಟದ ಯಜಮಾನನ, ಕಪಾಟಿನಲ್ಲಿ. ರಜೆ ಕೇಳಿದಾಗಲೆಲ್ಲ ಕಫೀಲ ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಬೆನ್ನು ತಟ್ಟಿ "ಬಾದೇನ್" ಎನ್ನುತ್ತಿದ್ದ. ಬಾದೇನ್ ಎಂದರೆ ಆಮೇಲೆ. ಯಾವತ್ತು, ಎಷ್ಟು ದಿನ ಬಿಟ್ಟು ಎಂದು ಕೇಳಬಾರದ ಆಮೇಲೆ. ಗೇಟಿಗೆ ಬೀಗ ಇರಲಿಲ್ಲ. ಆದರೆ ಹೊರಗೆ ಕಾಲಿಟ್ಟರೆ ಓಡಿಹೋದನೆಂದು ಕೇಸು ಬೀಳುತ್ತದೆ, ಆಮೇಲೆ ಊರಿನ ಬದಲು ಜೈಲು.

ಅವನು ಬಂದ ಮೇಲೆ ಊರಿನಲ್ಲಿ ಮಗಳು ಹುಟ್ಟಿದ್ದಳು. ಅವನ ಮನೆತನದಲ್ಲಿ ಒಂದು ರೂಢಿ ಇತ್ತು. ಮಗುವಿನ ಜವಳ ತೆಗೆಸುವಾಗ, ಅಂದರೆ ಹುಟ್ಟುಗೂದಲಿಗೆ ಮೊದಲ ಕತ್ತರಿ ಬೀಳುವಾಗ, ಮಗು ಅಪ್ಪನ ತೊಡೆಯ ಮೇಲೆಯೇ ಕೂತಿರಬೇಕು. ಅಪ್ಪ ಬರುವವರೆಗೆ ಕೂದಲು ಮುಟ್ಟುವ ಹಾಗಿಲ್ಲ. "ಸೊಂಟದ ತನಾ ಬಂದೈತ್ರಿ ಅಣ್ಣಾರ. ಗಂಟು ಬಿದ್ದು ಜಡಿಗಟ್ಟೈತಂತ. ಬಾಚಣಿಗಿ ಹಿಡದ್ರ ಊರೆಲ್ಲಾ ಕೇಳೂಹಂಗ ಚೀರ್ತಾಳಂತ್ರಿ." ಅವನ ಸಾದಾ ಫೋನಿನಲ್ಲಿ ನೆಟ್ ಇರಲಿಲ್ಲ, ನಾನು ಹೋದ ದಿನ ನನ್ನ ಫೋನಿನಲ್ಲಿ ಮಗಳ ಮುಖ ನೋಡುತ್ತಿದ್ದ. ಒಮ್ಮೆ ಅವಳು ಕೇಳಿದಳು: "ಅಪ್ಪಾ, ಬಾದೇನ್ ಯಾವಾಗ ಬರ್ತೈತಿ?" ಅದನ್ನು ದೀಪಾವಳಿಯಂಥ ಒಂದು ಹಬ್ಬವೆಂದು ತಿಳಿದಿತ್ತು ಆ ಕೂಸು. ಅವನು ಫೋನನ್ನು ನನ್ನ ಕೈಗೆ ಕೊಟ್ಟು ಮೇವು ಹಾಕುವ ನೆಪ ಮಾಡಿ ಎದ್ದುಹೋದ.

ಕಫೀಲನಿಗೆ ಆ ಪ್ರಾಣಿಗಳು ಬರೀ ಶೋಕಿ. ಬೇಸಿಗೆಗೆ ಮೊದಲು ಮೈ ಬೋಳಿಸಿ, ಉಣ್ಣೆಯನ್ನು ಚೀಲಕ್ಕೆ ತುಂಬಿ ಕಸಕ್ಕೆ ಎಸೆಯುತ್ತಿದ್ದರು. ಕುರುಬನ ಮಗನಿಗೆ ಇದು ಹೇಗೆ ಸಹನವಾದೀತು? "ಕಂಬಳಿ ನೇಯಾಕ ಮಗ್ಗ ಬೇಕ್ರಿ. ನಮ್ಮಜ್ಜ ಉಣ್ಣಿ ತುಳದು ಹಾಸು ಮಾಡ್ತಿದ್ದ, ಅದಕ್ಕ ಕಾಲು ಸಾಕು," ಎಂದ. ಹಿಕ್ಕೆ, ಕಡ್ಡಿ ಆರಿಸಿ, ಉಣ್ಣೆಯನ್ನು ಬೆರಳಿನಲ್ಲಿ ಹಿಂಜಿ, ಪ್ಲಾಸ್ಟಿಕ್ ಚಾಪೆಯ ಮೇಲೆ ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಹರಡಿದ. ಸಾಬೂನಿನ ಬಿಸಿನೀರು ಚಿಮುಕಿಸಿ, ನಾನು ಕೊಟ್ಟ ಏಸಿ ಪೈಪಿಗೆ ಚಾಪೆಯನ್ನು ಸುತ್ತಿ ತುಳಿದ. ನಮ್ಮೂರ ಕುರಿಯ ಉಣ್ಣೆ ಒರಟು, ಜಿಡ್ಡು. ಇದು ರೇಷ್ಮೆಯಂತೆ ಜಾರುತ್ತಿತ್ತು, ಒಂದಕ್ಕೊಂದು ಹಿಡಿಯುತ್ತಲೇ ಇರಲಿಲ್ಲ. ಊರಿನ ಕಂಬಳಿಯ ನೆನಪಿನಲ್ಲಿ ಹುಣಸೆಬೀಜದ ಗಂಜಿ ಹಚ್ಚಬೇಕೆಂದ. ನನ್ನ ಹೆಂಡತಿ ಎರಡು ತಿಂಗಳು ಸಾರಿನ ಹುಣಸೆಬೀಜ ಕೂಡಿಟ್ಟಳು. ಗಂಜಿ ಹಚ್ಚಿ ಒಣಗಹಾಕಿದ್ದೇ ತಡ, ಒಂಟಿಗುರಿಗಳು ಬಂದು ತಮ್ಮದೇ ಉಣ್ಣೆಯ ಅಂಚನ್ನು ಮೆದ್ದವು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಗಂಜಿ ಬಿಟ್ಟು, ಇನ್ನೂ ಸಣ್ಣಗೆ ಹಿಂಜಿ, ಇನ್ನೂ ಹೆಚ್ಚು ಹೊತ್ತು ತುಳಿದ. ಮೂರನೆಯದು ಕೂಡಿಕೊಂಡಿತು. "ಒಮ್ಮೆ ಕೂಡಿತಂದ್ರ ಮುಗೀತ್ರಿ, ಇನ್ನ ಯಾವ ದೇವ್ರು ಬಂದ್ರೂ ಎಳಿ ಬಿಡ್ಸಾಕ ಆಗಂಗಿಲ್ಲ," ಎಂದು ಹೆಮ್ಮೆಯಿಂದ ಸವರಿದ.

ಅಲ್ಲಿಯೇ ನಾನು ಬಾಯಿ ಹಾಕಿದೆ. ಬಿಟ್ಟಿ ಸಲಹೆ ಕೊಡುವುದು ನನಗೆ ಹುಟ್ಟಿನಿಂದ ಬಂದ ರೋಗ. "ಹುಚ್ಚಾ, ಇದನ್ನ ನಿನ್ನ ಖೋಲ್ಯಾಗ ಹಾಸ್ಕೊಂಡು ಏನ್ ಮಾಡ್ತಿ? ಕಫೀಲಗ ಒಂದು ದೊಡ್ಡದು ಮಾಡಿ ಕೊಡು. ಖುಷಿಯಾಗಿ ರಜಾ ಕೊಡ್ತಾನ." ಅವನು ನನ್ನನ್ನು ನಂಬಿದ. ಎರಡು ತಿಂಗಳು ತುಳಿದು, ಅಂಗಾಲು ಬೊಬ್ಬೆಯೆದ್ದು, ಒಂದು ಕೋಣೆಯಗಲದ ಹಾಸು ಮಾಡಿದ. ಕಫೀಲ ಅದನ್ನು ಅತಿಥಿಗಳು ಕೂರುವ ದಿವಾನಿಯಾದಲ್ಲಿ ಹಾಸಿದ. ಬಂದವರೆಲ್ಲ ಹೊಗಳಿದರು. ಕಫೀಲ ಇವನನ್ನು ಕರೆಸಿ, ಎಲ್ಲರೆದುರು ಅಪ್ಪಿಕೊಂಡ.

ರಜೆ ಸಿಗಲಿಲ್ಲ. ಮತ್ತೆ ನಾಲ್ಕು ಒಂಟಿಗುರಿಗಳು ಬಂದವು. ಕಫೀಲನ ತಮ್ಮನಿಗೊಂದು, ಭಾವನಿಗೊಂದು ಹಾಸು ಬೇಕಾಗಿತ್ತು. ಕೆಲಸ ಬಾರದವನನ್ನು ಯಾರಾದರೂ ಕಳಿಸಿಯಾರು, ಕೈಯಲ್ಲಿ ಇಂಥ ಕಸುಬಿರುವವನನ್ನು ಯಾರು ಬಿಟ್ಟಾರು? ಇಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ. ಉಪಕಾರ ಮಾಡಲು ಹೋಗಿ ಅವನಿಗೆ ನಾನೇ ಬೇಲಿ ಕಟ್ಟಿದ್ದೆ. ಅವನು ಮಾತ್ರ ಒಂದು ದಿನವೂ ನನ್ನನ್ನು ದೂರಲಿಲ್ಲ.

ಒಂದು ಶುಕ್ರವಾರ ನಾನು ಹೊರಟು ಗಾಡಿ ಹತ್ತಿದಾಗ ಕಿಟಕಿಯ ಬಳಿ ಬಂದು ನಿಂತ. "ಅಣ್ಣಾರ, ನಿಮ್ಮ ಗಾಡ್ಯಾಗ ನನ್ನ ಎಂಬಸಿ ತನಾ ಬಿಡ್ತೀರೇನ್ರಿ? ಅಲ್ಲಿಗೆ ಮುಟ್ಟಿದ್ರ ಮುಂದಿಂದು ನಾ ನೋಡ್ಕೋತೀನಿ."

ಮುಕ್ಕಾಲು ಗಂಟೆಯ ದಾರಿ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಯಾರ ಗಾಡಿ, ಈ ತೋಟದಲ್ಲಿ ನಿನಗೇನು ಕೆಲಸ ಎಂದು ಪೊಲೀಸರು ಕೇಳಿದರೆ? ನನ್ನ ಇಕಾಮಾ, ಹೆಂಡತಿ, ಮಗಳ ಶಾಲೆ... "ಬಾದೇನ್ ನೋಡೋಣು," ಎಂದೆ.

ಆ ಶಬ್ದವೇ ಬಾಯಿಗೆ ಬಂದಿತ್ತು. ಅವನು ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು, "ಆತ್ರಿ," ಎಂದು ಕಿಟಕಿಯಿಂದ ಕೈ ತೆಗೆದ.

ಆಮೇಲೆ ಮೂರು ತಿಂಗಳು ನಾನು ಕಬ್ದ್ ಕಡೆ ಹೋಗಲಿಲ್ಲ. ಕೆಲಸ ಇತ್ತು ಎಂದರೆ ಸುಳ್ಳು. ನಾಚಿಕೆಯಾಗಿತ್ತು. ಕೊನೆಗೆ ಒಂದು ಶುಕ್ರವಾರ ಮನಸ್ಸು ಗಟ್ಟಿ ಮಾಡಿದೆ, ಅವನನ್ನು ಕೂರಿಸಿಕೊಂಡೇ ಬರುವುದೆಂದು ಹೋದೆ. ಕೊಟ್ಟಿಗೆ ಖಾಲಿ ಇತ್ತು. ಕಫೀಲನ ಡ್ರೈವರ್ ಕೈ ಝಾಡಿಸಿದ. "ಖಲಾಸ್ ಭಾಯಿ. ಸಬ್ ಬಿಕ್ ಗಯಾ." ಕೊಂಡವನು ಹಾಸು ಮಾಡುವ ಮನುಷ್ಯನಿದ್ದರೆ ಮಾತ್ರ ಪ್ರಾಣಿಗಳನ್ನು ಒಯ್ಯುತ್ತೇನೆ ಎಂದನಂತೆ. ಇವನ ಇಕಾಮಾವನ್ನೂ ಆ ಹೊಸಬನ ಹೆಸರಿಗೆ ಮಾಡಿಕೊಟ್ಟರಂತೆ. ಎಲ್ಲಿಗೆ ಎಂದರೆ ಡ್ರೈವರ್ ಉತ್ತರದ ಗಡಿಯ ಕಡೆಗೆ, ಅಬ್ದಲಿಯತ್ತ, ಕೈ ತೋರಿಸಿದ. ಅಬ್ದಲಿಗೂ ಹೋದೆ. ಗಾವುದದುದ್ದ ತೋಟಗಳ ಗೋಡೆಗಳು. ಕನ್ನಡದಲ್ಲಿ ಬಯ್ಯುವ ದನಿ ಎಲ್ಲಾದರೂ ಕೇಳಿಸೀತೇ ಎಂದು ಕಿಟಕಿ ಇಳಿಸಿ ನಿಧಾನ ಗಾಡಿ ಓಡಿಸಿದೆ... ಪಂಪ್‌ಸೆಟ್ಟುಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವನ ಫೋನೂ ಹತ್ತಲಿಲ್ಲ.

ಒಂದು ವರ್ಷದ ಮೇಲೆ, ಒಂದು ಮಧ್ಯಾಹ್ನ, ಊರಿನ ನಂಬರಿನಿಂದ ಕರೆ ಬಂತು. ಅವನ ಹೆಂಡತಿ. ನನ್ನ ಫೋನಿನಿಂದ ಅವನು ಮಾತಾಡುತ್ತಿದ್ದದ್ದರಿಂದ ನಂಬರು ಇಟ್ಟುಕೊಂಡಿದ್ದಳು. ವರ್ಷದಿಂದ ಅವನ ದನಿ ಕೇಳಿಲ್ಲ ಎಂದಳು. ಅಳಲಿಲ್ಲ.

"ಅಣ್ಣಾರ, ಹುಡುಗೀನ ಸಾಲಿಗೆ ಹಚ್ಚಬೇಕ್ರಿ. ಈ ತಲಿ ತಗೊಂಡು ಬಂದ್ರ ಸೇರಿಸ್ಕೊಳ್ಳಂಗಿಲ್ಲ ಅಂತಾರ ಟೀಚರು. ಅವ್ರು ಬರ್ತಾರಂದ್ರ ಇನ್ನೊಂದು ವರ್ಷ ಕಾಯ್ತೀನಿ. ಬರಂಗಿಲ್ಲಂದ್ರ ನಮ್ಮಣ್ಣನ ತೊಡಿಮ್ಯಾಲ ಕುಂದ್ರಿಸಿ ತಗಸ್ತೀನಿ. ನೀವು ಅಲ್ಲೇ ಇರಾವ್ರು. ನೀವ ಹೇಳ್ರಿ."

ಗೊತ್ತಿಲ್ಲ ಎನ್ನಬಹುದಿತ್ತು. ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದರೆ ಅವಳು ಕಾಯುತ್ತಾಳೆ, ಆ ಕೂಸೂ ಕಾಯುತ್ತದೆ.

"ತಗಸಿಬಿಡವ್ವಾ," ಎಂದೆ.

ಅವಳು "ಹೂಂನ್ರಿ" ಎಂದಳು. ಆಮೇಲೆ "ನಿಮ್ದು ಊಟ ಆತೇನ್ರಿ?" ಎಂದು ಕೇಳಿ ಫೋನಿಟ್ಟಳು.

ಆ ನಂಬರಿಗೆ ನಾನು ಮತ್ತೆ ಫೋನ್ ಮಾಡಿಲ್ಲ. ಅವಳೂ ಮಾಡಿಲ್ಲ. ಅವನು ಈ ದೇಶದಲ್ಲೇ, ನನ್ನಿಂದ ಒಂದೂವರೆ ಗಂಟೆ ದೂರದ ಯಾವುದೋ ಗೋಡೆಯ ಹಿಂದೆ ಇರಬಹುದು. ಇವತ್ತೂ ರಜೆ ಕೇಳಿರಬಹುದು. ಅವನು ಇನ್ನು ಬರುವುದಿಲ್ಲವೆಂದು, ಅವನನ್ನು ಒಂದು ಮಾತೂ ಕೇಳದೆ, ಅವನ ಮನೆಗೆ ಹೇಳಿದವನು ನಾನು.